ಸೆರಗಿನ ಕೆಳಗೆ ನಡೆದ ರೈಫಲ್ ವ್ಯಾಪಾರ

ನಮ್ಮ ಮನೆಯಲ್ಲಿ ಯಾರೂ ಎತ್ತನ್ನು ಹೊಗಳಿ ಕೊಂಡವರಲ್ಲ. ಸಂತೆಯಲ್ಲಿ ಎತ್ತು ಎಷ್ಟೇ ಚೆಲುವಾಗಿರಲಿ, ಅದರ ಮುಂದೆ ನಿಂತು ಮುಖ ಸಿಂಡರಿಸಬೇಕು, ಹಲ್ಲು ಹಿಡಿದು ನೋಡಬೇಕು, ಗೊರಸು ನೋಡಬೇಕು, 'ಊಂ, ಏನೋ ಒಂದು' ಅನ್ನಬೇಕು. ಆಮೇಲೆ ಟವೆಲ್ಲಿನ ಕೆಳಗೆ ಮಾರುವವನ ಬೆರಳು ಹಿಡಿದು ಬೆಲೆ ಕೇಳಬೇಕು. ಯಾವ ಬೆರಳು ಒತ್ತಿದೆ, ಎಷ್ಟು ಬೆರಳು ಹಿಡಿದೆ ಎನ್ನುವುದೇ ಮಾತು. ಸುತ್ತ ನಿಂತವರಿಗೆ ಒಂದು ಅಂಕಿಯೂ ಗೊತ್ತಾಗಬಾರದು. ಅಜ್ಜ ತೀರಿಕೊಂಡ ಮೇಲೆ ನಮ್ಮ ಮನೆಯ ಎತ್ತುಗಳನ್ನೆಲ್ಲ ಹೀಗೆ ಕೊಂಡು ತಂದವಳು ನನ್ನ ಅಜ್ಜಿ ಗಾದೆಮ್ಮ. ಟವೆಲ್ಲಿನ ಬದಲು ಅವಳದು ಸೆರಗು.

ಆ ಅಜ್ಜಿಯನ್ನು ಜೊತೆಗೆ ಕಟ್ಟಿಕೊಂಡು ನಾನು ರೈಫಲ್ ಕೊಳ್ಳಲು ಹೊರಟೆ.

ಮದ್ದುಗುಂಡಿನದಲ್ಲ, ಗಾಳಿಯ ರೈಫಲ್. ಹತ್ತು ಮೀಟರ್ ದೂರದಲ್ಲಿ ಒಂದು ಕಾಗದ, ಕಾಗದದಲ್ಲಿ ಕಪ್ಪು ವೃತ್ತ, ಅದರ ನಟ್ಟನಡುವೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಅದಕ್ಕೆ ಸೀಸದ ಪೆಲೆಟ್ ತಾಗಿಸಬೇಕು. ಸಿರುಗುಪ್ಪದಲ್ಲಿ ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಗೋದಾಮಿನಲ್ಲಿ ಹಾಲಸಿದ್ದಪ್ಪ ಸರ್ ಇದನ್ನು ಕಲಿಸುತ್ತಾರೆ. ಮಿಲಿಟರಿಯಲ್ಲಿದ್ದು ಬಂದವರು. ಗೋದಾಮಿನಲ್ಲಿ ಈಗಲೂ ತೌಡಿನ ವಾಸನೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಉಸಿರು ತಾನಾಗಿ ನಿಧಾನವಾಗುತ್ತದೆ. ನಮ್ಮೂರು ದೇಶನೂರಿನಿಂದ ದಿನವೂ ಅಲ್ಲಿಗೆ ಹೋಗಿಬರುತ್ತೇನೆ.

ಗೋದಾಮಿನಲ್ಲಿ ಪಂದ್ಯಕ್ಕೆ ಆಗುವಂಥ ರೈಫಲ್ ಇರುವುದು ಒಂದೇ. ನಾನೂ ಹನುಮೇಶನೂ ಅದನ್ನೇ ಸರದಿಯ ಮೇಲೆ ಹೊಡೆಯುತ್ತಿದ್ದೆವು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಆಯ್ಕೆ. ವೇಳಾಪಟ್ಟಿ ಬಂದಾಗ ನೋಡಿದರೆ ಅವನದೂ ನನ್ನದೂ ಒಂದೇ ದಿನ, ಒಂದೇ ಹೊತ್ತು.

"ರೈಫಲ್ ಕಡದು ಎರಡು ಮಾಡಾಕ ಬರಂಗಿಲ್ಲ," ಎಂದರು ಸರ್. "ಹನುಮೇಶ ನಿನಗಿಂತ ಮೊದ್ಲು ಬಂದಾವ. ನೀ ಹೋಗಬೇಕಂದ್ರ ನಿನ್ನದು ಅಂತ ಒಂದು ತರಬೇಕು ಜ್ಯೋತಿ."

ನಿನ್ನದು ಅಂತ ಒಂದು. ಬಸ್ಸಿನಲ್ಲಿ ಊರಿಗೆ ಬರುವಾಗ ಕಾಲುವೆ ನೀರೆಲ್ಲ ಆ ಮಾತನ್ನೇ ಹೇಳಿಕೊಂಡು ಹರಿಯುತ್ತಿರುವ ಹಾಗೆ ನನಗೆ ಕಂಡಿತು. ಇಳಿಯುವ ಸ್ಟಾಪು ದಾಟಿಹೋಗಿ ಕರೂರಿನ ಹತ್ತಿರ ಕಂಡಕ್ಟರ್ ಎಬ್ಬಿಸಿದ. ಮಲಗಿರಲಿಲ್ಲ ಎಂದರೆ ನಂಬಲಿಲ್ಲ.

ಅಪ್ಪ ಚಿದಾನಂದಪ್ಪ ಎರಡು ದಿನ ಯೋಚಿಸಿದ. ಭತ್ತ ಮಾರಿದ ದುಡ್ಡಿನಲ್ಲಿ ಎಂಬತ್ತು ಸಾವಿರ ತೆಗೆದಿಟ್ಟ. ಆದರೆ ಅದನ್ನು ನನ್ನ ಕೈಗೆ ಕೊಡದೆ ಅಜ್ಜಿಯ ಕೈಗೆ ಕೊಟ್ಟ.

"ಈಕಿ ಕೈಯಾಗ ಕೊಟ್ರ ಮೋಡ ಕೊಂಡ್ಕೊಂಡು ಬರ್ತಾಳ," ಎಂದ. "ಯವ್ವಾ, ನೀ ಹೋಗು. ಇದು ಒಂದs ಸಲ. ತಪ್ಪು ರೈಫಲ್ ತಂದ್ರ ಇನ್ನೊಂದು ತರಾಕ ನನ್ನ ಕೈಲಿ ಆಗಂಗಿಲ್ಲ."

ಅಜ್ಜಿ ದುಡ್ಡನ್ನು ಎಲೆಯಡಿಕೆ ಸಂಚಿಯ ಒಳಮಡಿಕೆಯಲ್ಲಿ ಇಟ್ಟು ಸೊಂಟಕ್ಕೆ ಸಿಕ್ಕಿಸಿದಳು.

ಹೊರಡುವ ಹಿಂದಿನ ದಿನ ಸರ್ ಎರಡು ವಿಳಾಸ ಕೊಟ್ಟರು. ಒಂದು ಬಳ್ಳಾರಿಯ ಅಂಗಡಿ, ಇನ್ನೊಂದು ಕುರುಗೋಡಿನಲ್ಲಿ ಸುಮಂಗಲಾ ಎಂಬವರ ಮನೆ. "ಬಣ್ಣ ನೋಡಬ್ಯಾಡ," ಎಂದರು. "ಎತ್ತಿ ಹಿಡದಾಗ ನಿನ್ನ ಕುತ್ತಿಗಿ ರೈಫಲ್ ಹುಡಿಕ್ಕೊಂಡು ಹೋಗಬಾರದು, ರೈಫಲ್ ತಾನs ಕೆನ್ನಿಗೆ ಬರಬೇಕು. ಗಾಳಿ ಸಿಲಿಂಡರ್ ಮ್ಯಾಲೆ ತಾರೀಖು ಹೊಡದಿರ್ತಾರ, ಹತ್ತು ವರ್ಷ ದಾಟಿದ್ದು ಪಂದ್ಯಕ್ಕ ನಡಿಯಂಗಿಲ್ಲ. ಮತ್ತ ಆ ಗಾಳಿ ದೇಶನೂರಾಗ ಎಲ್ಲಿ ತುಂಬಸ್ತಿ ಅಂತ ಮೊದ್ಲ ವಿಚಾರ ಮಾಡು."

ನಾನು ತಲೆಯಾಡಿಸಿದೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಚಿಕ್ಕವಳಿದ್ದಾಗ ಜೋಳದ ಹೊಲದ ಅಟ್ಟದ ಮೇಲೆ ಹಕ್ಕಿ ಕಾಯುತ್ತಾ ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಬ್ಬ ಅರಸನ ಮಗಳು. ಅವಳಿಗೆ ಯುದ್ಧಕ್ಕೆ ಹೋಗಲು ಕುದುರೆ ಬೇಕು. ಲಾಯದಲ್ಲಿ ಸಾಲಾಗಿ ಕುದುರೆಗಳು. ಅವಳು ನಡೆದು ಹೋಗುತ್ತಿದ್ದರೆ ಎಲ್ಲವೂ ಸುಮ್ಮನಿವೆ. ಒಂದು ಮಾತ್ರ ಅವಳನ್ನು ಕಂಡು ಕೆನೆಯಿತು. ಅದೇ ಅವಳ ಕುದುರೆ. ನಾನು ಕತೆಯನ್ನು ಅಷ್ಟಕ್ಕೇ ಹಿಡಿದುಕೊಂಡಿದ್ದೆ. ನನ್ನ ರೈಫಲ್ಲೂ ನನ್ನನ್ನು ಕಂಡು ಕೆನೆಯುತ್ತದೆ ಎಂದು ನನಗೆ ಖಾತ್ರಿಯಿತ್ತು.

ಬಳ್ಳಾರಿಯಲ್ಲಿ ಅದು ಕೆನೆಯಿತು.

ರಾಯಲ್ ಸರ್ಕಲ್ಲಿನಿಂದ ಸ್ವಲ್ಪ ಒಳಗೆ ವಿರೂಪಾಕ್ಷಿ ಅವರ ಆಟದ ಸಾಮಾನಿನ ಅಂಗಡಿ. ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡುಗಳ ಹಿಂದೆ ಗಾಜಿನ ಕಪಾಟು. ಅದರೊಳಗೆ ನೀಲಿ ಮತ್ತು ಹಸಿರು ಪದರಗಳ ಹಿಡಿ, ಬೆಳ್ಳಿಯಂಥ ಸಿಲಿಂಡರ್, ಜರ್ಮನಿಯಿಂದ ಬಂದ ರೈಫಲ್. ಯಾರೋ ಹೊಡೆದು ಬಿಟ್ಟದ್ದು, ಆದರೆ ಒಂದು ಗೀರೂ ಇಲ್ಲ. ಟ್ಯೂಬ್‌ಲೈಟಿನ ಬೆಳಕಿಗೆ ನವಿಲು ಕತ್ತು ಹೊರಳಿಸಿದ ಹಾಗೆ ಹೊಳೆಯಿತು.

"ಅಜ್ಜೀ, ನವಿಲು," ಎಂದೆ. "ಇದರ ಹೆಸರು ನವಿಲು."

ಅಜ್ಜಿ ನನ್ನ ಮೊಣಕೈ ಚಿವುಟಿದಳು. ತಡವಾಗಿತ್ತು. ವಿರೂಪಾಕ್ಷಿ ಅವರು ಆಗಲೇ ಬೀಗ ತೆಗೆಯುತ್ತಿದ್ದರು.

"ಕರೆಕ್ಟಾಗಿ ಹೇಳಿದಿ ನೋಡವ್ವಾ. ಈ ಬಣ್ಣದ್ದು ಜಿಲ್ಲಾದಾಗs ಇಲ್ಲ. ಒಂದು ಲಕ್ಷ ಹತ್ತು ಸಾವಿರ. ಮೊದಲ ಗಿರಾಕಿ ನೀವು, ಹಿರಿಯರು ಬಂದೀರಿ, ಒಂದು ಲಕ್ಷ ಮಾಡ್ಕೊಡ್ತೀನಿ."

"ಹೆಸರಿಡಾಕ ಮುಂಚೆ ತೊಂಬತ್ತು ಇತ್ತೇನಪಾ?" ಎಂದಳು ಅಜ್ಜಿ.

ಅವರು ನಕ್ಕರು. "ಏನಮ್ಮಾ, ನೀವೂ ಒಳ್ಳೆ ಜೋಕ್ ಮಾಡ್ತೀರಿ."

ನಾನು ರೈಫಲ್ಲನ್ನು ಎತ್ತಿ ಭುಜಕ್ಕೆ ಇಟ್ಟೆ. ಭಾರ. ಕೆನ್ನೆ ಇಡುವ ಜಾಗ ಎತ್ತರದಲ್ಲಿತ್ತು. ಸೈಟಿನ ಸಣ್ಣ ತೂತಿಗೆ ಕಣ್ಣು ಸಿಗಬೇಕಾದರೆ ಕೊಕ್ಕರೆಯಂತೆ ಕತ್ತು ಚಾಚಬೇಕಾಯಿತು. ಅದು ಆರಡಿ ಎತ್ತರದವರಿಗೆ ಹೇಳಿ ಮಾಡಿಸಿದ ಅಳತೆ. ಕತ್ತು ಕಲಿಯುತ್ತದೆ ಬಿಡು ಅಂದುಕೊಂಡೆ. ಸಿಲಿಂಡರಿನ ತಾರೀಖು ಹುಡುಕಿದೆ. ಇನ್ನು ಎಂಟು ತಿಂಗಳಿಗೆ ಹತ್ತು ವರ್ಷ ತುಂಬುತ್ತಿತ್ತು.

"ಸಿಲಿಂಡರ್ ಹೊಸದು ಹಾಕಬೇಕಾಗ್ತತಿ ಅಲ್ಲೇನ್ರಿ?" ಎಂದೆ.

"ಮುಂದ ನೋಡ್ಕೊಂಡ್ರಾತು. ಈಗ ಆಯ್ಕೆಗೆ ನಡೀತತಿ. ಗಾಳಿ ಇಲ್ಲೇ ತುಂಬಿಸಿಕೊಡ್ತೀನಿ, ವಾರಕ್ಕೊಮ್ಮೆ ಬರ್ರಿ." ಅವರು ಗಡಿಯಾರ ನೋಡಿದರು. "ಸುಳ್ಳು ಹೇಳಂಗಿಲ್ಲ, ಹೊಸಪೇಟೆಯವರೊಬ್ಬರು ಇವತ್ತು ಸಂಜಿಗೆ ಬರ್ತೀನಿ ಅಂದಾರ. ಐದು ಸಾವಿರ ಮುಂಗಡ ಕೊಟ್ರ ನಿಮಗs ಇಟ್ಟಿರ್ತೀನಿ. ಉಳಿದಿದ್ದು ಕಂತಿನಾಗ ಕೊಡ್ರಿ."

ನಾನು ಅಜ್ಜಿಯ ಸಂಚಿ ನೋಡಿದೆ. ಅಜ್ಜಿ ಸೂರು ನೋಡುತ್ತಿದ್ದಳು.

"ಒಂದs ಎತ್ತು ನೋಡಿ ಕೊಂಡ ಮನಿ ಅಲ್ಲಪ್ಪ ನಮ್ದು," ಎಂದಳು. "ಕುರುಗೋಡಿಗೆ ಹೋಗಿ ಬರ್ತೀವಿ. ನಮ್ಮ ಹುಡುಗಿ ನಂಬರ್ ತಗಾ. ಆ ಹೊಸಪೇಟಿ ಪುಣ್ಯಾತ್ಮ ಬಂದ್ರ ಒಂದು ಫೋನ್ ಹಾಕು."

ಹೊರಗೆ ಬಂದ ಮೇಲೆ ನಾನು ಜಗಳ ತೆಗೆದೆ. "ಅದು ನನ್ನ ನೋಡಿ ಕೆನೀತಜ್ಜಿ. ನೀನs ಕತಿ ಹೇಳಿದ್ದಿ."

"ಕೆನದಿದ್ದು ಅದಲ್ಲ, ನಿನ್ನ ಹೊಟ್ಟಿ. ಮುಂಜಾನಿಂದ ಹನಿ ನೀರು ಕುಡಿದಿಲ್ಲ ನೀನು." ಅವಳು ನನ್ನನ್ನು ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡುವ ಗಾಡಿಯ ಹತ್ತಿರ ಎಳೆದುಕೊಂಡು ಹೋದಳು. ನಾನು ಮಿರ್ಚಿ ತಿನ್ನುತ್ತಾ ನವಿಲಿನ ಬಗ್ಗೆಯೇ ಮಾತಾಡಿದೆ. ಅವಳು ಇನ್ನೊಂದು ಪ್ಲೇಟ್ ಹೇಳಿದಳು.

ಕುರುಗೋಡಿನ ಬಸ್ಸಿನಲ್ಲಿ ಅಜ್ಜಿ ನನಗೆ ಪಾಠ ಮಾಡಿದಳು. "ಅಲ್ಲಿ ಬಾಯಿ ಬಿಡಬ್ಯಾಡ. ಚಲೋ ಅನಿಸಿದ್ರ ಒಂದು ಸಲ ಕೆಮ್ಮು. ಬ್ಯಾಡಂದ್ರ ಓಡಣಿ ಸರಿ ಮಾಡ್ಕೊ. ಮುಖ ಮಾತ್ರ ಹಿಂಗ ಇಟ್ಕೋಬೇಕು." ಅವಳು ತೋರಿಸಿದ ಮುಖ ಹಾಗಲಕಾಯಿ ತಿಂದವರದು. ಎದುರು ಸೀಟಿನಲ್ಲಿದ್ದವರು ಹೊಟ್ಟೆನೋವೇನೋ ಎಂದು ಕೇಳಿ ಸೋಡಾ ಕುಡಿಯಲು ಹೇಳಿದರು.

ಸುಮಂಗಲಾ ಅವರ ಮನೆ ಗುಡ್ಡದ ಬಂಡೆಗಳ ಬುಡದಲ್ಲಿ. ಬಾಗಿಲಿಗೆ ಬರುವುದಕ್ಕೂ ಒಳಗೆ ಅವರ ಅತ್ತೆ ಪಕ್ಕೀರಮ್ಮ ಬಾಣಲೆಯಲ್ಲಿ ಒಣಮೆಣಸಿನಕಾಯಿ ಹುರಿಯುವುದಕ್ಕೂ ಸರಿಹೋಯಿತು. ಘಾಟು ಗಂಟಲಿಗೆ ಹೊಕ್ಕು ನಾನು ಕೆಮ್ಮತೊಡಗಿದೆ. ಒಂದು ಸಲವಲ್ಲ, ನಿಲ್ಲದೆ.

"ಲೇ, ರೈಫಲ್ ಇನ್ನಾ ಹೊರಗs ತಂದಿಲ್ಲ," ಎಂದು ಅಜ್ಜಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಮರುಕ್ಷಣ ಅವಳೂ ಕೆಮ್ಮಿದಳು.

ಸುಮಂಗಲಾ ಅಕ್ಕ ನೀರು ತಂದುಕೊಟ್ಟರು. ಮೂವತ್ತು ದಾಟಿರಬಹುದು. ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯದ ತಂಡದಲ್ಲಿ ಹೊಡೆದವರು ಎಂದು ಸರ್ ಹೇಳಿದ್ದರು. ಮಂಚದ ಕೆಳಗಿನಿಂದ ಹಳೆಯ ಸೀರೆಯಲ್ಲಿ ಸುತ್ತಿದ್ದನ್ನು ಎಳೆದು ತೆಗೆದು ಬಿಚ್ಚಿದರು.

ಕಂದು ಮರದ ಹಿಡಿ. ಎಣ್ಣೆ ಸವರಿ ಸವರಿ ಕಪ್ಪಾಗಿದೆ. ಒಂದು ಕಡೆ ಉದ್ದ ಗೀರು. ಹೊಳೆಯುವ ಸಿಲಿಂಡರ್ ಇಲ್ಲವೇ ಇಲ್ಲ. ಅದರ ಬದಲು ಪಕ್ಕಕ್ಕೆ ಅಂಟಿಕೊಂಡ ಉಕ್ಕಿನ ಒಂದು ಲಿವರ್. ನವಿಲಿನ ಪಕ್ಕದಲ್ಲಿಟ್ಟರೆ ಇದು ಮಳೆಯಲ್ಲಿ ನೆನೆದ ಗುಬ್ಬಿ. ಯಾವುದೂ ಕೆನೆಯಲಿಲ್ಲ. ನಾನು ಓಡಣಿಗೆ ಕೈ ಹಾಕಿದೆ.

"ತಡಿ," ಎಂದರು ಸುಮಂಗಲಾ ಅಕ್ಕ. ನನ್ನ ಕೈ ಯಾಕೆ ಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ. ಸುಮ್ಮನೆ ರೈಫಲ್ಲನ್ನು ನನ್ನ ಕೈಗಿಟ್ಟರು. "ಮೊದ್ಲು ಇದರದು ಕೆಟ್ಟದ್ದು ಹೇಳ್ತೀನಿ. ಸಿಲಿಂಡರ್ ಇಲ್ಲ. ಒಂದೊಂದು ಪೆಲೆಟ್ಟಿಗೂ ಈ ಲಿವರ್ ಎಳದು ಗಾಳಿ ಒತ್ತಬೇಕು. ಪಂದ್ಯದಾಗ ಅರವತ್ತು ಹೊಡಿಯಾದಿದ್ರ ಅರವತ್ತು ಸಲ. ಬಾಜೂದವರು ಹೊಸ ರೈಫಲ್ ಇಟ್ಕೊಂಡು ನಿನ್ನ ನೋಡಿ ನಗ್ತಾರ. ಒಳಗಿನ ರಬ್ಬರ್ ಸವದ್ರ ಬದಲಿ ಮಾಡಬೇಕು. ಎರಡು ಇಟ್ಟೀನಿ, ಹಾಕಾದು ತೋರಿಸ್ತೀನಿ. ಇಷ್ಟs ಕೆಟ್ಟದ್ದು. ಈಗ ಕಣ್ಣು ಮುಚ್ಚು."

"ಯಾಕ್ರಿ ಅಕ್ಕಾ?"

"ಮುಚ್ಚು. ಮುಚ್ಚಿಕೊಂಡs ಎತ್ತಿ ಕೆನ್ನಿಗೆ ಹಚ್ಕೊ. ಆರಾಮ ಅನಿಸಿದ ಮ್ಯಾಲೆ ತಗಿ."

ಕಣ್ಣು ಮುಚ್ಚಿ ಎತ್ತಿದೆ. ಮರ ಭುಜದ ಗುಳಿಯಲ್ಲಿ ಕುಳಿತಿತು. ಕೆನ್ನೆಗೆ ಮರದ ತಣುಪು ಬಂದು ತಾಗಿತು. ನಾನು ಅದನ್ನು ಹುಡುಕಿಕೊಂಡು ಹೋಗಲಿಲ್ಲ. ಒಂದು ಉಸಿರು ಬಿಟ್ಟು ಕಣ್ಣು ತೆರೆದೆ. ಸೈಟಿನ ತೂತಿನ ನಟ್ಟನಡುವೆ ಮುಂದಿನ ಉಂಗುರ, ಉಂಗುರದ ನಡುವೆ ತೆರೆದ ಬಾಗಿಲಾಚೆ ಹಿತ್ತಲಿನ ಗೋಡೆಯ ಮೇಲಿನ ಒಂದು ಸುಣ್ಣದ ಚುಕ್ಕೆ. ಯಾವುದನ್ನೂ ಅಲುಗಿಸಬೇಕಾಗಿರಲಿಲ್ಲ.

ಹಿಂದಿನಿಂದ ಅಜ್ಜಿ ಹೇಳಿದಳು, ಅರ್ಧ ತನಗೇ ಎನ್ನುವಂತೆ: "ಆಕಿ ಕಣ್ಣಿಗೆ ಅರಿವಿ ಕಟ್ಟಿದ್ರು."

"ಯಾರಿಗೆ?"

"ಅರಸನ ಮಗಳಿಗೆ. ಕತಿ ಪೂರಾ ಕೇಳಿದ್ದೇನು ನೀನು? ಕುದುರಿ ಕೆನದ ಕೂಡ್ಲೆ ನಿದ್ದಿ ಹೋಗಿಬಿಡ್ತಿದ್ದಿ. ಕೆನದ ಕುದುರಿ ಆಕಿನ್ನ ಕೆಡವ್ತು. ಆಮ್ಯಾಲೆ ಆಕಿ ಕಣ್ಣಿಗೆ ಅರಿವಿ ಕಟ್ಟಿಸಿಕೊಂಡು ಲಾಯದಾಗ ಹೋಗಿ ಕೈ ಎತ್ತಿದ್ಲು. ಯಾವ ಕುದುರಿ ಬೆನ್ನು ತನ್ನ ಕೈಗೆ ಸಿಗ್ತೋ ಅದನ್ನ ಹತ್ತಿದ್ಲು."

ಇಷ್ಟು ವರ್ಷ ನಾನು ಅರ್ಧ ಕತೆಯನ್ನೇ ನಂಬಿಕೊಂಡು ಬಂದಿದ್ದೆ. ಅಥವಾ ಅಜ್ಜಿ ಉಳಿದರ್ಧವನ್ನು ಆಗಲೇ ಹೆಣೆದಳೋ. ಅವಳ ಮುಖ ನೋಡಿದರೆ ಹೇಳಲಾಗುವುದಿಲ್ಲ; ಹಾಗಲಕಾಯಿ ಮುಖ ಹಾಗೇ ಇತ್ತು.

ಸುಮಂಗಲಾ ಅಕ್ಕ ಹಿತ್ತಲಿನಲ್ಲಿ ಹತ್ತು ಮೀಟರ್ ಅಳೆದು ದನದ ಕೊಟ್ಟಿಗೆಯ ಗೋಡೆಗೆ ಹಲಗೆ ನಿಲ್ಲಿಸಿ ಕಾಗದ ಅಂಟಿಸಿದರು. ಎಮ್ಮೆಯನ್ನು ಬೇರೆ ಕಡೆ ಕಟ್ಟಿದರು. ನಾನು ಲಿವರ್ ಎಳೆದೆ. ಬಿಗಿ ಇತ್ತು. ಆದರೆ ಬೆನ್ನಿಗೆ ಔಷಧಿ ಪಂಪು ಹೊತ್ತು ದಿನವಿಡೀ ಗದ್ದೆಗೆ ಹೊಡೆದ ತೋಳು ಇದು. ಈ ಎಳೆತ ಅದಕ್ಕೆ ಗೊತ್ತಿದ್ದ ಕೆಲಸವೇ. ಮೊದಲ ಪೆಲೆಟ್ ಕಪ್ಪಿನ ಅಂಚಿಗೆ ಬಿತ್ತು. ಅಕ್ಕ ಸೈಟಿನ ಸ್ಕ್ರೂ ಎರಡು ಸಲ ತಿರುಗಿಸಿದರು. ಎರಡನೆಯದು ಒಳಗೆ. ಮೂರನೆಯದು ಕಾಣಲೇ ಇಲ್ಲ.

"ತಪ್ಪಿತು," ಎಂದೆ.

"ತಪ್ಪಿಲ್ಲ. ಎರಡನೇದರ ತೂತಿನಾಗ ಹೋಗೇತಿ," ಎಂದರು ಅಕ್ಕ. ಮುಂದಿನ ಪೆಲೆಟ್ಟನ್ನು ತಾವೇ ಎತ್ತಿ ನನ್ನ ಕೈಗಿಟ್ಟರು.

ಆಮೇಲೆ ನಾನು ಎಷ್ಟು ಹೊಡೆದೆನೋ. ಲಿವರ್ ಎಳೆಯುವುದು, ಪೆಲೆಟ್ ಇಡುವುದು, ಉಸಿರು, ಟಪ್. ಎಳೆಯುವ ಆ ಹೊತ್ತಿನಲ್ಲಿ ಮನಸ್ಸು ಎಲ್ಲಿಗೂ ಓಡುವಂತಿಲ್ಲ. ಗೋದಾಮಿನಲ್ಲಿ ಹೊಡೆಯುವಾಗ ನಡುನಡುವೆ ನಾನು ಮೋಡದ ಮೇಲೆ ಹೋಗಿಬಿಡುತ್ತೇನೆ, ಸರ್ ಬೈದು ಕೆಳಗಿಳಿಸುತ್ತಾರೆ. ಇದು ಪ್ರತಿ ಪೆಲೆಟ್ಟಿಗೂ ನನ್ನ ಕೈ ಹಿಡಿದು ನೆಲಕ್ಕೆ ತರುತ್ತಿತ್ತು. ಕಾಗದದ ನಡುವೆ ಒಂದೇ ತೂತು ಅಗಲವಾಗುತ್ತಾ ಹೋಯಿತು. ನನ್ನ ಎದೆ ಹೊಡೆದುಕೊಳ್ಳುವ ಸದ್ದು ಎಮ್ಮೆಗೂ ಕೇಳಿರಬೇಕು.

ಆಗ ಫೋನ್ ಬಂತು. ವಿರೂಪಾಕ್ಷಿ ಅವರು.

"ಏನವ್ವಾ, ಹೊಸಪೇಟಿಯವರು ಬಂದು ಕುಂತಾರ. ದುಡ್ಡು ಟೇಬಲ್ ಮ್ಯಾಲೆ ಐತಿ. ನೀನು ಒಂದು ಮಾತು ಹೇಳಿದ್ರ ನಿಲ್ಲಸ್ತೀನಿ. ನವಿಲು ಏನು ಮಾಡ್ಲಿ?"

ಕಣ್ಣ ಮುಂದೆ ನೀಲಿ ಹಸಿರು ಹೊರಳಿತು. ನನ್ನ ಕೈಯಲ್ಲಿ ಗೀರು ಬಿದ್ದ ಮರ ಬೆಚ್ಚಗಾಗಿತ್ತು. ಒಂದು ಸಲವೇ, ಎಂದಿದ್ದ ಅಪ್ಪ.

"ಕೊಟ್ಟುಬಿಡ್ರಿ ಅಣ್ಣಾರ," ಎಂದೆ. "ನನಗ ಅದು ಬ್ಯಾಡ. ನನ್ನ ರೈಫಲ್ ಇಲ್ಲೇ ಐತಿ."

ಫೋನ್ ಇಟ್ಟು ತಿರುಗಿ ನೋಡಿದೆ. ಅಜ್ಜಿ ಹಣೆಗೆ ಕೈ ಹಚ್ಚಿಕೊಂಡಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಪಕ್ಕೀರಮ್ಮ ಸೌಟು ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಗಾದೆಮ್ಮನೋರ, ಮೊಮ್ಮಗಳು ಚಲೋ ವ್ಯಾಪಾರಗಾರ್ತಿ," ಎಂದರು ಪಕ್ಕೀರಮ್ಮ.

"ನಮ್ಮ ಮನಿತನದಾಗ ಇಂಥದ್ದು ಹುಟ್ಟಿದ್ದು ಇದs ಮೊದ್ಲು," ಎಂದಳು ಅಜ್ಜಿ. "ಇನ್ನ ಏನು ಉಳದೈತಿ. ಕೈ ಕೊಡ್ರಿ."

ಇನ್ನೊಂದು ಎತ್ತು ಸಂತೆಯಲ್ಲಿ ಉಳಿದಿಲ್ಲ ಎಂದು ನಾನೇ ಸಾರಿಬಿಟ್ಟಿದ್ದೆ. ಇನ್ನು ಮಾರುವವರು ಹೇಳಿದ್ದೇ ಬೆಲೆ. ಎಂಬತ್ತು ದಾಟಿ ಕೇಳಿದರೆ ಆ ಗೀರು ಬಿದ್ದ ಮರವನ್ನು ಮತ್ತೆ ಸೀರೆಯಲ್ಲಿ ಸುತ್ತಿಡಬೇಕು. ನವಿಲೂ ಇಲ್ಲ, ಗುಬ್ಬಿಯೂ ಇಲ್ಲ, ಬೆಂಗಳೂರೂ ಇಲ್ಲ.

ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಅಜ್ಜಿ ಸೆರಗು ಹರವಿದಳು. ನಾಲ್ಕು ಕೈ ಒಳಗೆ ಹೋದವು. ಪಕ್ಕೀರಮ್ಮನೂ ಎಮ್ಮೆ ಕೊಂಡು ಮಾರಿದವರೇ ಇರಬೇಕು. ಮುಖದಲ್ಲಿ ಏನೂ ಇಲ್ಲ. ಸೆರಗಿನ ಕೆಳಗೆ ಇಲಿ ಓಡಾಡಿದಂತೆ ಬಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಅಜ್ಜಿ ತಲೆ ಅಡ್ಡ ಆಡಿಸಿದಳು. ಪಕ್ಕೀರಮ್ಮ ಅಡ್ಡ ಆಡಿಸಿದರು. ಸುಮಂಗಲಾ ಅಕ್ಕ ನನ್ನ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದರು, ಕೊಳ್ಳುವವರು ತಾವೇ ಎನ್ನುವಂತೆ. ಒಮ್ಮೆಲೇ ಅಜ್ಜಿ ಕೈ ಹೊರಗೆ ತೆಗೆದು ಪಕ್ಕೀರಮ್ಮನ ಮುಖ ದಿಟ್ಟಿಸಿದಳು. ಅವಳ ಹಾಗಲಕಾಯಿ ಮುಖ ಬಿಟ್ಟುಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇಷ್ಟು ಕಡಿಮಿಗೆ ಯಾರರ ಮಾರತಾರೇನವ್ವಾ? ಏನರ ಮುರದೈತೇನು ಒಳಗ?"

"ಮುರದಿಲ್ಲ. ಉಳಿದಿದ್ದು ಬೆರಳಾಗ ಹೇಳಾಕ ಬರಂಗಿಲ್ಲ, ಬಾಯಿಲೆ ಹೇಳ್ತೀನಿ." ಪಕ್ಕೀರಮ್ಮ ಸೊಸೆಯ ಕಡೆ ಗಲ್ಲ ಎತ್ತಿ ತೋರಿಸಿದರು. "ಇಕಿ ಪ್ರತಿ ಆಯುಧಪೂಜಿಗೆ ಅದನ್ನ ಹೊರಗ ತಗೀತಾಳ, ಎಣ್ಣಿ ಹಚ್ತಾಳ, ಮತ್ತ ಮಂಚದ ಕೆಳಗ ಇಡ್ತಾಳ. ಮಾರತೀನಿ ಅಂತ ತಾನs ಹೇಳಿದ್ಲು. ಆದ್ರ ಈಗ ಈ ಹುಡುಗಿ ಹೊಡಿಯೋ ಮುಂದ ಇಕಿ ಮುಖ ನೋಡಿದ್ರೇನು? ನಾ ನೋಡಿದೆ. ವಾರಕ್ಕ ಒಂದು ದಿನ ಇಕಿನ್ನೂ ಸಿರುಗುಪ್ಪಿಗೆ ಕರಸ್ಕೋಬೇಕು. ಇಬ್ಬರೂ ಕೂಡಿ ಹೊಡೀರಿ, ರಬ್ಬರ್ ಹಾಕಾದು ಕಲಸ್ಲಿ. ಬೆಂಗಳೂರಿಗೂ ಇಕಿ ಜೊತಿಗೆ ಬರ್ತಾಳ. ಒಪ್ಪಿಗಿದ್ರ ಆ ಬೆಲೆ. ಇಲ್ಲಂದ್ರ ಒಂದು ಲಕ್ಷ."

"ಅತ್ತಿ, ಮನಿ ಕೆಲಸ," ಎಂದರು ಸುಮಂಗಲಾ ಅಕ್ಕ.

"ನಾ ಏನು ಸತ್ತೀನೇನು?"

ಅಕ್ಕ ಕಾಗದ ತರುವ ನೆಪದಲ್ಲಿ ಕೊಟ್ಟಿಗೆಯ ಗೋಡೆಯವರೆಗೆ ಹೋಗಿ, ಅಲ್ಲಿಯೇ ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತರು. ನಾನು ಬಾಯಿ ತೆರೆದೆ. ಅಜ್ಜಿ ಕಣ್ಣು ಬಿಟ್ಟಳು. ನಾನು ಬಾಯಿ ಮುಚ್ಚಿ, ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಕೆಮ್ಮಿದೆ.

ಅಜ್ಜಿ ಎದ್ದು ಸಂಚಿ ಬಿಚ್ಚಿದಳು. ದುಡ್ಡನ್ನೂ ಒಳಕೋಣೆಗೆ ಹೋಗಿಯೇ ಕೊಟ್ಟಳು.

ರೈಫಲ್ಲನ್ನು ಪಕ್ಕೀರಮ್ಮ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಒಂದು ಕೌದಿಯಲ್ಲಿ ಸುತ್ತಿಕೊಟ್ಟರು. ಸಿರುಗುಪ್ಪದ ಬಸ್ಸಿನಲ್ಲಿ ಅಜ್ಜಿ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಬಸ್ಸು ಕುಣಿದಾಗಲೆಲ್ಲ ತಟ್ಟುತ್ತಿದ್ದಳು.

"ಕೂಸು ಭಾಳ ಉದ್ದ ಐತಲ್ಲಮ್ಮಾ," ಎಂದ ಕಂಡಕ್ಟರ್. "ಹೆಸರೇನಿಟ್ಟೀರಿ?"

ಅಜ್ಜಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ನಾಟಿ ಮಾಡಿದ ಗದ್ದೆಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದು ನೀರೆಲ್ಲ ಮಿನುಗುತ್ತಿತ್ತು. ನನ್ನ ನಾಲಿಗೆಯ ತುದಿಯಲ್ಲಿ ಒಂದು ಹೆಸರಿತ್ತು. ನುಂಗಿಕೊಂಡೆ.

"ಇನ್ನಾ ಇಟ್ಟಿಲ್ಲಪ್ಪ," ಎಂದಳು ಅಜ್ಜಿ. "ಮೊದ್ಲು ಓಡಾಡ್ಲಿ."

ಮನೆಗೆ ಬಂದಾಗ ಅಪ್ಪ ಅಂಗಳದಲ್ಲೇ ನಿಂತಿದ್ದ. ಕೌದಿ ಬಿಚ್ಚಿದ. ಗೀರು ನೋಡಿದ, ಕಪ್ಪಾದ ಮರ ನೋಡಿದ, ನನ್ನ ಮುಖ ನೋಡಿದ. ನಾನು ಹಿತ್ತಲಿನಲ್ಲಿ ಹೊಡೆದಿದ್ದ ಕಾಗದವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದ. ನಡುವಿನ ತೂತಿನಿಂದ ಸಂಜೆಯ ಬಿಸಿಲು ಒಂದು ರೂಪಾಯಿಗಿಂತ ಸಣ್ಣದಾಗಿ ಅವನ ಹಣೆಯ ಮೇಲೆ ಬಿತ್ತು.

"ಎಷ್ಟಾತು?" ಎಂದ.

ಅಜ್ಜಿ ಅವನ ಕೈಮೇಲೆ ಸೆರಗು ಹಾಕಿ ಬೆರಳು ಹಿಡಿದಳು. ಅಪ್ಪನ ಹುಬ್ಬು ಮೇಲೇರಿತು. "ಹೌದೇನು?" ಎಂದ. ಅವಳು ಇನ್ನೊಮ್ಮೆ ಒತ್ತಿದಳು. ಅವನು ನಗತೊಡಗಿದ.

"ನನಗೂ ಹೇಳಜ್ಜಿ," ಎಂದು ನಾನು ಕೈ ಚಾಚಿದೆ.

"ನೀ ಮೊದ್ಲು ಬಾಯಿ ಮುಚ್ಚಾಕ ಕಲಿ," ಎಂದಳು. ಆದರೆ ನನ್ನ ಕೈಯನ್ನು ಬಿಡಲಿಲ್ಲ. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದು ಬೆರಳನ್ನೂ ಒತ್ತಿ ನೋಡಿದಳು, ಲಿವರ್ ಎಳೆದು ಕೆಂಪಾಗಿದ್ದ ಅಂಗೈಯನ್ನು ಸೆರಗಿನಿಂದ ಒರೆಸಿ, ಹಿತ್ತಲಿನ ಕಡೆ ತಳ್ಳಿದಳು. "ಬೆಳಕು ಇನ್ನಾ ಐತಿ. ಹೋಗು."